ಗೋದಿ ಸಿಡಿದ ದಿನ: ಅಜ್ಜಿ ಹೇಳಿದ್ದರಲ್ಲಿ ಎಷ್ಟು ನಂಬಲಿ?

ಪ್ರಶ್ನೆ: ನಮ್ಮೂರು ಕಾಪು ಹತ್ತಿರ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಮ್ಮನ ಅಮ್ಮನಿಗೆ ಈಗ 88ರ ಹತ್ತಿರ. ಚಿಕ್ಕವರಿದ್ದಾಗ ಬೊಂಬಾಯಿಯಲ್ಲಿದ್ದರು. ಅವರ ಅಪ್ಪ ಮಸೀದಿ ಬಂದರ್ ಕಡೆ ಹೋಟೆಲ್ ಕೆಲಸಕ್ಕಿದ್ದರಂತೆ. ‘ಗೋದಿ ಸಿಡಿದ ದಿನ ಎಲ್ಲ ಬಿಟ್ಟು ಬಂದೆವು’ ಎನ್ನುತ್ತಾರೆ. ಗೋಧಿ ಹೇಗೆ ಸಿಡಿಯುತ್ತದೆ ಎಂದು ನಾವು ಮಕ್ಕಳೆಲ್ಲ ನಗುತ್ತಿದ್ದೆವು. ಆಕಾಶದಿಂದ ಉರಿಯುವ ಹತ್ತಿ ಬಿತ್ತು, ಹಡಗು ಮಾಡಿನ (ಚಾವಣಿಯ) ಮೇಲೆ ಕೂತಿತ್ತು, ಜಪಾನಿನವರು ಬಾಂಬ್ ಹಾಕಿದ್ದು ಎಂದೆಲ್ಲ ಹೇಳುತ್ತಾರೆ. ಒಂದೊಂದು ಸಲ ಒಂದೊಂದು ಥರ. ಸೋದರಮಾವ ‘ಎಲ್ಲ ಕಟ್ಟುಕತೆ’ ಎನ್ನುತ್ತಾರೆ. ನೆಂಟರಲ್ಲಿ ಕೆಲವರು, ಮುತ್ತಜ್ಜನಿಗೆ ಅಲ್ಲಿ ಚಿನ್ನ ಸಿಕ್ಕಿತ್ತು, ಈಗಿನ ಜಾಗ ಮಾಡಿದ್ದು ಅದರಿಂದಲೇ ಎಂದು ಗುಸುಗುಸು ಮಾತಾಡುತ್ತಾರೆ. ಅಜ್ಜಿ ದೀಪಾವಳಿಗೆ ಪಟಾಕಿ ತರಲು ಬಿಡುವುದಿಲ್ಲ. ಮಲಗುವಾಗ ತಲೆ ಹತ್ತಿರ ಒಂದು ಬಟ್ಟೆಯ ಗಂಟು ಇರಲೇಬೇಕು. ಗಂಡುಮಕ್ಕಳು ಯಾರನ್ನೂ ಬೊಂಬಾಯಿಗೆ ಕಳಿಸಲಿಲ್ಲ. ಆಟಿ (ತುಳುವರ ಆಷಾಢ) ತಿಂಗಳಲ್ಲಿ ಕುಲೆಗಳಿಗೆ, ಅಂದರೆ ಮನೆಯಲ್ಲಿ ತೀರಿಕೊಂಡವರಿಗೆ, ಬಡಿಸುವಾಗ ಒಂದು ಚಿಕ್ಕ ಎಲೆ ಜಾಸ್ತಿ ಹಾಕಿಸುತ್ತಾರೆ. ಯಾರಿಗೆ ಎಂದರೆ ‘ಸುಮ್ನಿರು’ ಎನ್ನುತ್ತಾರೆ, ಅಷ್ಟೇ. ಇದನ್ನೆಲ್ಲ ಬರೆದಿಡಬೇಕೆಂದು ಆಸೆ. ಎಲ್ಲಿಂದ ಶುರು ಮಾಡಲಿ? ಎಷ್ಟು ನಂಬಲಿ? ಈ ವಯಸ್ಸಿನಲ್ಲಿ ಅವರನ್ನು ಕೆದಕಬಹುದೇ?

ಉತ್ತರ: ಮೊದಲು ಆ ಗೋಧಿಯ ಲೆಕ್ಕ ಚುಕ್ತಾ ಮಾಡೋಣ. ಅಜ್ಜಿ ಹೇಳುತ್ತಿರುವುದು ಚಪಾತಿ ಮಾಡುವ ಗೋಧಿ ಅಲ್ಲ. ಮರಾಠಿಯಲ್ಲಿ, ಹಿಂದಿಯಲ್ಲಿ ಹಡಗು ನಿಲ್ಲುವ ದಕ್ಕೆಗೆ ‘ಗೋದಿ’ ಎನ್ನುತ್ತಾರೆ. ‘ಗೋದಿ ಸಿಡಿದದ್ದು’ ಎಂದರೆ 1944ರ ಏಪ್ರಿಲ್ 14, ಶುಕ್ರವಾರ, ಬೊಂಬಾಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟೈಕಿನ್ ಎಂಬ ಹಡಗು ಸಿಡಿದದ್ದು. ಇಷ್ಟು ವರ್ಷ ನೀವು ನಕ್ಕ ಆ ಮಾತೇ ನಿಮ್ಮ ಕೈಲಿರುವ ಗಟ್ಟಿ ಸಾಕ್ಷಿ. ಕಾಪುವಿನಲ್ಲೇ ಹುಟ್ಟಿ ಬೆಳೆದವರಾಗಿದ್ದರೆ ಅವರು ‘ದಕ್ಕೆ’ ಎನ್ನುತ್ತಿದ್ದರು. ಆರು ವರ್ಷದ ಹುಡುಗಿ ಚಾಳಿನ (ಬೊಂಬಾಯಿಯ ವಠಾರದ) ಮೆಟ್ಟಿಲ ಮೇಲೆ ಕೇಳಿಸಿಕೊಂಡ ಶಬ್ದ ಎಂಬತ್ತು ವರ್ಷ ದಾಟಿಯೂ ಹಾಗೇ ಉಳಿದಿದೆ.

ಅವತ್ತು ಆದದ್ದು ಇಷ್ಟು. ಆ ಹಡಗು ಇಂಗ್ಲೆಂಡಿನ ಬರ್ಕನ್‌ಹೆಡ್‌ನಿಂದ ಹೊರಟು, ಕರಾಚಿಗೆ ಬಂದು, ಏಪ್ರಿಲ್ 12ಕ್ಕೆ ಬೊಂಬಾಯಿ ಮುಟ್ಟಿತ್ತು. ಹೊಟ್ಟೆಯಲ್ಲಿ ಸುಮಾರು 1,400 ಟನ್ ಸ್ಫೋಟಕ. ಅದರ ಜೊತೆಗೆ ಕರಾಚಿಯಲ್ಲಿ ಸಾವಿರಾರು ಹತ್ತಿ ಬೇಲು ಹೇರಿದರು. ಎಣ್ಣೆ ಪೀಪಾಯಿ, ಮರ, ಗುಜರಿ ಕಬ್ಬಿಣ ಕೂಡ ಇತ್ತು. ಮದ್ದಿನ ಪಕ್ಕ ಹತ್ತಿ ಇಡಬಾರದು ಎಂದು ಯಾರಿಗೆ ಗೊತ್ತಿಲ್ಲ? ಆದರೆ ಯುದ್ಧಕಾಲ, ಹಡಗುಗಳ ಕೊರತೆ, ಸಿಕ್ಕಿದ್ದರಲ್ಲಿ ತುಂಬಿದರು. 14ರ ಮಧ್ಯಾಹ್ನ ಹೊಗೆ ಕಾಣಿಸಿತು. ಹಡಗಿನೊಳಗೆ 900 ಟನ್‌ನಷ್ಟು ನೀರು ಹೊಯ್ದರೂ ಬೆಂಕಿಯ ಬುಡ ಸಿಗಲಿಲ್ಲ. 4 ಗಂಟೆ 6 ನಿಮಿಷಕ್ಕೆ ಮೊದಲ ಸಿಡಿತ. 34 ನಿಮಿಷ ಬಿಟ್ಟು ಎರಡನೆಯದು, ಅದು ಇನ್ನೂ ದೊಡ್ಡದು. ಸಾವಿರ ಕಿಲೋಮೀಟರಿಗೂ ಆಚೆಯ ಶಿಮ್ಲಾದಲ್ಲಿ ಭೂಕಂಪ ಅಳೆಯುವ ಯಂತ್ರವೂ ಅದನ್ನು ಬರೆದುಕೊಂಡಿತು. ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಒಟ್ಟು ಸತ್ತವರ ಲೆಕ್ಕ ಇಂದಿಗೂ ಒಂದೇ ಇಲ್ಲ. 800ರಿಂದ 1,300ರವರೆಗೆ ಹೇಳುತ್ತಾರೆ. ಸುಮಾರು 80,000 ಜನರಿಗೆ ಮನೆ ಇಲ್ಲವಾಯಿತು. ಬೆಂಕಿ ಹತೋಟಿಗೆ ಬರಲು ಮೂರು ದಿನ ಬೇಕಾಯಿತು. ದಕ್ಕೆಯ ಅವಶೇಷ ತೆಗೆಯಲು 8,000 ಜನ ಏಳು ತಿಂಗಳು ದುಡಿದರು.

ಈಗ ಅಜ್ಜಿಯ ಮಾತುಗಳನ್ನು ಒಂದೊಂದಾಗಿ ಇದರ ಪಕ್ಕಕ್ಕೆ ಇಟ್ಟು ನೋಡಿ. ಆಕಾಶದಿಂದ ಉರಿಯುವ ಹತ್ತಿ: ನಿಜ. ಬೆಂಕಿ ಹೊತ್ತಿದ ಬೇಲುಗಳು ಹಾರಿ ಸುತ್ತಲಿನ ಕೇರಿಗಳ ಮೇಲೆ ಬಿದ್ದವು. ಜಾಸ್ತಿ ಮನೆಗಳು ಸುಟ್ಟದ್ದಕ್ಕೆ ಅದೂ ಒಂದು ಕಾರಣ. ಮಾಡಿನ ಮೇಲೆ ಹಡಗು: ಅದೂ ನಿಜವೇ. ‘ಜಲಪದ್ಮ’ ಎಂಬ ಹಡಗನ್ನು ಸಿಡಿತ ಎತ್ತಿ ದಕ್ಕೆಯ ಶೆಡ್ಡಿನ ಮೇಲೆ ಒಗೆದಿತ್ತು. ಆರು ವರ್ಷದ ಮಗು ಅದನ್ನು ಕಣ್ಣಾರೆ ನೋಡಿರಲಿಕ್ಕಿಲ್ಲ, ದಕ್ಕೆಯೊಳಗೆ ಮಕ್ಕಳನ್ನು ಯಾರು ಬಿಡುತ್ತಾರೆ? ಮನೆಯ ಗಂಡಸರು ಹೇಳಿಕೊಂಡಿದ್ದನ್ನು ಕೇಳಿರಬೇಕು. ಕೇಳಿದ್ದು ನಿಧಾನಕ್ಕೆ ಕಂಡದ್ದಾಗಿದೆ. ಅದನ್ನು ಸುಳ್ಳು ಎನ್ನಲಾಗದು. ಆ ಚಾಳಿನಲ್ಲಿ ದಿನವಿಡೀ ಜನ ಏನು ಮಾತಾಡಿಕೊಂಡರು ಎಂಬುದಕ್ಕೆ ಅದೇ ದಾಖಲೆ.

ಜಪಾನಿನ ಬಾಂಬ್ ವಿಷಯದಲ್ಲಿ ನಿಮ್ಮ ಮಾವನಿಗೆ ಸ್ವಲ್ಪ ತಿಳಿಸಿ ಹೇಳಬೇಕು. ಬಾಂಬ್ ಹಾಕಿದ್ದು ಜಪಾನ್ ಅಲ್ಲ, ಅದು ಸರಿ. ಆದರೆ ಅವತ್ತು ಸಂಜೆ ಊರಿನ ತುಂಬ ಜನ ಅಂದುಕೊಂಡಿದ್ದು ಹಾಗೆಯೇ. ಎರಡು ವರ್ಷದ ಹಿಂದೆ, 1942ರ ಏಪ್ರಿಲ್‌ನಲ್ಲಿ ವಿಶಾಖಪಟ್ಟಣ, ಕಾಕಿನಾಡದ ಮೇಲೆ ಜಪಾನಿನ ವಿಮಾನಗಳು ಬಾಂಬ್ ಹಾಕಿದ್ದವು. ಕಲ್ಕತ್ತಕ್ಕೂ ಬಿದ್ದಿತ್ತು. ದಕ್ಕೆ ಕಡೆಯಿಂದ ಅಂಥ ಸದ್ದು ಬಂದರೆ ಬೇರೆ ಏನು ಅಂದುಕೊಳ್ಳಬೇಕು? ಇನ್ನೊಂದು ಸಂಗತಿಯೂ ಇದೆ. ಸರ್ಕಾರ ಸುದ್ದಿಯನ್ನು ಅದುಮಿಟ್ಟಿತ್ತು. ಮರುದಿನವೇ ವಿವರ ಬಿತ್ತರಿಸಿದ್ದು ಜಪಾನಿನ ಹಿಡಿತದಲ್ಲಿದ್ದ ಸೈಗಾನ್ ರೇಡಿಯೋ. ಹೊರದೇಶದ ಪತ್ರಿಕೆಗಳಿಗೆ ವರದಿ ಕಳಿಸಲು ಅನುಮತಿ ಸಿಕ್ಕಿದ್ದು ಮೇ ತಿಂಗಳ ಎರಡನೇ ವಾರದಲ್ಲಿ. ಅಷ್ಟರೊಳಗೆ ನಿಮ್ಮ ಅಜ್ಜಿಯ ಮನೆಯವರು ಊರು ಸೇರಿಯೂ ಆಗಿರಬಹುದು. ಬಿಟ್ಟು ಬರುವಾಗ ಇದ್ದ ನಂಬಿಕೆಯನ್ನೇ ಕಟ್ಟಿಕೊಂಡು ಬಂದರು. ಅದನ್ನು ತಿದ್ದುವವರು ಕಾಪುವಿನಲ್ಲಿ ಯಾರಿದ್ದರು ಹೇಳಿ.

ಗಂಟೆ ಎಷ್ಟಾಗಿತ್ತು ಎಂಬ ಬಗ್ಗೆಯೂ ಮನೆಯಲ್ಲಿ ವಾದ ನಡೆದರೆ ಆಶ್ಚರ್ಯವಿಲ್ಲ. ಆ ಕಾಲದ ಬೊಂಬಾಯಿಯಲ್ಲಿ ಗಡಿಯಾರಗಳೇ ಒಂದಕ್ಕೊಂದು ಒಪ್ಪುತ್ತಿರಲಿಲ್ಲ. ದೇಶದ ಗಡಿಯಾರಕ್ಕಿಂತ 39 ನಿಮಿಷ ಹಿಂದಿರುವ ‘ಬಾಂಬೆ ಟೈಮ್’ ಆ ಊರಿನಲ್ಲಿ 1955ರ ತನಕ ಬಳಕೆಯಲ್ಲಿತ್ತು. ಅದರ ಮೇಲೆ ಯುದ್ಧಕ್ಕೆಂದು 1942ರಿಂದ 1945ರವರೆಗೆ ಇಡೀ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದ್ದರು. ಹಾಗಾಗಿ ಅಜ್ಜಿ ಮೂರು ಗಂಟೆ ಎಂದರೆ ಮೂರು ಎಂದೇ ಬರೆದುಕೊಳ್ಳಿ.

ಒಂದೊಂದು ಸಲ ಒಂದೊಂದು ಥರ ಹೇಳುತ್ತಾರೆ ಎಂದಿರಿ. ಅದು ಸಹಜ. ನೆನಪು ಪೆಟ್ಟಿಗೆಯಲ್ಲಿಟ್ಟ ಸೀರೆಯಂತಲ್ಲ, ಪ್ರತಿ ಸಲ ತೆಗೆದಾಗಲೂ ಒಂದಿಷ್ಟು ಹೊಸದಾಗಿ ಹೊಲಿದು ಇಡುತ್ತೇವೆ. 1986ರಲ್ಲಿ ಅಮೆರಿಕದ ಚಾಲೆಂಜರ್ ಗಗನನೌಕೆ ಸಿಡಿದ ಮರುದಿನ ಅಲ್ಲಿನ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಹತ್ತಿರ ಒಂದು ಪ್ರಶ್ನೆ ಕೇಳಿ ಉತ್ತರ ಬರೆಸಿಕೊಂಡರು: ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು? ಸುಮಾರು ಎರಡೂವರೆ ವರ್ಷದ ಬಳಿಕ ಅದನ್ನೇ ಮತ್ತೆ ಕೇಳಿದರು. ಎಷ್ಟೋ ಜನರ ಉತ್ತರ ಪೂರ್ತಿ ಬದಲಾಗಿತ್ತು, ಆದರೆ ತಮ್ಮ ನೆನಪೇ ಸರಿ ಎಂಬ ಅವರ ಧೈರ್ಯ ಕಡಿಮೆಯಾಗಿರಲಿಲ್ಲ. ಕಾಲೇಜಿನ ಹುಡುಗರಿಗೇ ಎರಡೂವರೆ ವರ್ಷಕ್ಕೆ ಹೀಗಾದರೆ ಎಂಬತ್ತು ವರ್ಷದ ಮಾತು ಬಿಡಿ. ಆರು ವರ್ಷದ ಮಕ್ಕಳಿಗೆ ಚಿತ್ರ, ಸದ್ದು, ವಾಸನೆ ಉಳಿಯುತ್ತದೆ. ಯಾವುದು ಮೊದಲು ಯಾವುದು ಆಮೇಲೆ ಎಂಬುದು ಕಲಸಿಹೋಗುತ್ತದೆ. ಆದ್ದರಿಂದ ಎರಡು ಕಥನಗಳಲ್ಲಿ ಯಾವುದು ಸರಿ ಎಂದು ತೀರ್ಪು ಕೊಡಲು ಹೋಗಬೇಡಿ. ಎರಡನ್ನೂ ಹೇಳಿದ ದಿನಾಂಕದ ಸಮೇತ ಬರೆದಿಡಿ. ಯಾವ ಭಾಗ ಪ್ರತಿ ಸಲವೂ ಬದಲಾಗದೆ ಬರುತ್ತದೆ ಎಂದು ಗಮನಿಸಿ. ಸಾಮಾನ್ಯವಾಗಿ ಅದು ತೀರಾ ಸಣ್ಣದಾಗಿರುತ್ತದೆ: ಅರ್ಧ ಕಟ್ಟಿದ ಜಡೆ, ಒಂದೇ ಕಾಲಿನ ಚಪ್ಪಲಿ.

ಚಿನ್ನದ ಗುಸುಗುಸುವಿಗೆ ಬರೋಣ. ಆ ಹಡಗಿನಲ್ಲಿ ನಿಜವಾಗಿಯೂ ಚಿನ್ನ ಇತ್ತು. 31 ಪೆಟ್ಟಿಗೆ, ಒಂದೊಂದರಲ್ಲಿ ನಾಲ್ಕು ಗಟ್ಟಿ. ಒಂದು ಗಟ್ಟಿಯ ತೂಕ 12 ಕಿಲೋಗೂ ಮೇಲೆ. ಸಿಡಿತಕ್ಕೆ ಅವು ಊರಿನ ಮೇಲೆಲ್ಲ ಹಾರಿದವು. ಒಂದು ಗಟ್ಟಿ ಒಂದು ಮೈಲಿ ಆಚೆ ಪಾರ್ಸಿ ಗೃಹಸ್ಥರೊಬ್ಬರ ಮನೆಗೆ ಬಂದು ಬಿತ್ತು. ಅವರು ಅದನ್ನು ಸರ್ಕಾರಕ್ಕೆ ಒಪ್ಪಿಸಿದರು. ದಕ್ಕೆಯ ಹೂಳೆತ್ತುವಾಗ ದಶಕಗಳ ಬಳಿಕವೂ ಒಂದೊಂದು ಸಿಕ್ಕಿದ್ದಿದೆ. ಕತೆಯ ಬೇರು ಗಟ್ಟಿ ಇರುವುದರಿಂದಲೇ ಅದಕ್ಕೆ ಇಷ್ಟು ಕೊಂಬೆ ಬಂದಿದೆ. ಆಗ ಬೊಂಬಾಯಿಯಿಂದ ಬಂದು ಆಮೇಲೆ ಜಾಗ ಮಾಡಿದ ಯಾವ ಮನೆಯನ್ನಾದರೂ ಕೇಳಿ, ಇಂಥ ಒಂದು ಮಾತು ಇದ್ದೇ ಇರುತ್ತದೆ. ಆದರೆ ಸ್ವಲ್ಪ ಲೆಕ್ಕ ಹಾಕಿ. ಹೋಟೆಲ್ ಮಾಣಿಯೊಬ್ಬರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಪೊಲೀಸರು ತುಂಬಿದ ಸ್ಟೇಷನ್ ದಾಟಿ, 12 ಕಿಲೋ ಚಿನ್ನ ಹೊತ್ತು ಬರುವುದುಂಟೇ? ಬಂದರೂ ಮುರಿಸುವುದು ಎಲ್ಲಿ?

ಇಂಥದ್ದಕ್ಕೆ ಬಾಯಿಮಾತು ಬೇಡ, ಕಾಗದ ನೋಡಿ. ಜಾಗದ ಆರ್‌ಟಿಸಿ (ಪಹಣಿ) ತೆಗೆಸಿ. ಅದರಲ್ಲಿ ಜಾಗ ಬಂದ ಬಗೆ ಯಾವುದು ಎಂದು ನೋಡಿ: ಕ್ರಯವೋ, ಪಾಲೋ, ಭೂನ್ಯಾಯ ಮಂಡಳಿಯ ಆದೇಶವೋ? ನಮ್ಮ ಕರಾವಳಿಯಲ್ಲಿ ನೂರಕ್ಕೆ ಎಷ್ಟೋ ಮನೆಗಳಿಗೆ ಜಾಗ ಬಂದದ್ದು ‘ಡಿಕ್ಲರೇಶನ್’ನಲ್ಲಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಫಾರಂ 7ರಲ್ಲಿ ಅರ್ಜಿ ಕೊಟ್ಟ ಗೇಣಿದಾರರಿಗೆ ಹಕ್ಕು ಸಿಕ್ಕಿತು. ನಾನು ನೋಡಿದ ಒಂದು ಮನೆಯಲ್ಲಿ ಬೊಂಬಾಯಿಯ ಚಿನ್ನದ ಕತೆ ಮೂರು ತಲೆಮಾರು ನಡೆದಿತ್ತು. ಕಾಗದ ತೆಗೆದರೆ ಅದು ಮನೆಯ ಹೆಂಗಸೊಬ್ಬರು ಫಾರಂ 7ಕ್ಕೆ ಹೆಬ್ಬೆಟ್ಟು ಒತ್ತಿ, ವರ್ಷಗಟ್ಟಲೆ ಮಂಡಳಿಗೆ ಅಲೆದು ತಂದ ಜಾಗ. ಚಿನ್ನದ ಕತೆ ಅವರ ಅಲೆದಾಟವನ್ನೇ ನುಂಗಿಬಿಟ್ಟಿತ್ತು. ನಿಮ್ಮ ಮನೆಯದು ಹೀಗೇ ಎಂದು ಹೇಳುತ್ತಿಲ್ಲ. ನೋಡಿ ಎನ್ನುತ್ತಿದ್ದೇನೆ.

ನಿಮಗೆ ನಾನು ಮುಖ್ಯವಾಗಿ ಹೇಳಬೇಕಾದ್ದು ಈಗ ಶುರು. ಇಂಥ ಬರವಣಿಗೆಗೆ ಇಳಿದವರೆಲ್ಲ ಆ ಒಂದು ದಿನದ ಹಿಂದೆ ಬೀಳುತ್ತಾರೆ. ಎಷ್ಟು ಗಂಟೆ, ಎಷ್ಟು ಸದ್ದು, ಎಷ್ಟು ಹೆಣ. ಆ ದಿನದ ಬಗ್ಗೆ ಬೇಕಾದಷ್ಟು ಬೇರೆಯವರು ಬರೆದಿದ್ದಾರೆ. ನಿಮ್ಮ ಅಜ್ಜಿಗೆ ಮಾತ್ರ ಗೊತ್ತಿರುವುದು ಅದರ ಮರುದಿನ. ಮರುವಾರ. ಮರುವರ್ಷ. ಮನೆತನದ ಚರಿತ್ರೆ ಇರುವುದು ಅಲ್ಲಿ. ಹಾಗಾಗಿ ‘ಅವತ್ತು ಏನಾಯಿತು’ ಎಂದು ಶುರು ಮಾಡಬೇಡಿ. ‘ಮರುದಿನ ಬೆಳಿಗ್ಗೆ ಏನು ತಿಂದಿರಿ’ ಎಂದು ಕೇಳಿ.

ಸುಮ್ನೆ ಕೇಳಿದ ಹಾಗೆ ಕಾಣುತ್ತದೆ. ಆದರೆ ಈ ಪ್ರಶ್ನೆಯ ಹಿಂದೆ ಎಷ್ಟು ಇದೆ ನೋಡಿ. ಬೊಂಬಾಯಿಯಲ್ಲಿ 1943ರಲ್ಲೇ ರೇಷನ್ ಬಂದಿತ್ತು. ರೇಷನ್ ಕಾರ್ಡು ಖೋಲಿಯ (ಚಾಳಿನ ಕೋಣೆಯ) ಜೊತೆ ಸುಟ್ಟುಹೋದರೆ ಅಕ್ಕಿ ಕೊಡುವವರು ಯಾರು? ದಕ್ಕೆಯ ಪಕ್ಕದ ದಾನಾ ಬಂದರ್ ಎಂದರೆ ಧಾನ್ಯದ ಉಗ್ರಾಣಗಳ ಸಾಲು, ಅದಕ್ಕೂ ಬೆಂಕಿ ಬಿದ್ದಿತ್ತು. ಮರುದಿನ ಊಟ ಹಾಕಿದವರು ಯಾರು? ಹೋಟೆಲ್ ಧಣಿಯಾ, ಜಾತಿ ಸಂಘದವರಾ, ಪಕ್ಕದ ಚಾಳಿನ ಮುಸ್ಲಿಂ ಹೆಂಗಸಾ? ಮಲಗಿದ್ದು ಎಲ್ಲಿ? ಒಂದು ಊಟದ ನೆನಪನ್ನು ಹಿಡಿದು ಎಳೆದರೆ ಮನೆಯವರಿಗೆ ಆ ಊರಿನಲ್ಲಿ ಯಾರು ಆಪ್ತರು, ಯಾರು ಅಲ್ಲ ಎಂಬುದೆಲ್ಲ ಹೊರಗೆ ಬರುತ್ತದೆ. ಊಟದ ಬಗ್ಗೆ ಮಾತಾಡಲು ಯಾರಿಗೂ ಹೆದರಿಕೆ ಇರುವುದಿಲ್ಲ, ಅಲ್ವಾ?

ಆಮೇಲೆ ಊರಿಗೆ ಬಂದ ದಾರಿ ಕೇಳಿ. ಆಗ ಕೊಂಕಣ ರೈಲು ಇರಲಿಲ್ಲ, ಅದು ಬಂದದ್ದು 1998ರಲ್ಲಿ. ಕರಾವಳಿಯ ಹೊಳೆಗಳಿಗೆ ಸೇತುವೆಗಳೂ ಕಡಿಮೆ. ಕಾಪುವಿಗೆ ಬರಲು ಒಂದೋ ಹಡಗು ಹತ್ತಬೇಕು, ಇಲ್ಲವೇ ರೈಲಿನಲ್ಲಿ ಸುತ್ತಿ ಬಂದು ಬಸ್ಸಿನಲ್ಲಿ ಘಟ್ಟ ಇಳಿಯಬೇಕು. ಹಡಗು ಸಿಡಿದದ್ದನ್ನು ಕಂಡ ಮನೆ ಮತ್ತೆ ಹಡಗು ಹತ್ತಿತಾ? ಇದನ್ನು ಮಾತ್ರ ಮರೆಯದೆ ಕೇಳಿ.

ದಿನಾಂಕ ಬೇಕಾದಾಗ ಇಂಗ್ಲಿಷ್ ತಾರೀಕು ಕೇಳಬೇಡಿ. ಹಬ್ಬ ಕೇಳಿ. ಏಪ್ರಿಲ್ 14 ಎಂದರೆ ನಮ್ಮ ಬಿಸುವಿನ, ಅಂದರೆ ತುಳುವರ ಹೊಸ ವರ್ಷದ, ಆಸುಪಾಸು. ಬಿಸು ಕಣಿ ಇಟ್ಟಿದ್ದರಾ, ಪಾಯಸ ಮಾಡಿದ್ದರಾ, ಊರು ಮುಟ್ಟುವಾಗ ಮಳೆ ಹಿಡಿದಿತ್ತಾ? ಮನೆಯಲ್ಲಿ ಯಾರದಾದರೂ ಹಳೆಯ ಜಾತಕ ಇದ್ದರೆ ಸಂವತ್ಸರ ನೋಡಿ. ‘ತಾರಣ’ ಎಂದಿದ್ದರೆ ಅದು 1944ರ ಯುಗಾದಿಯಿಂದ ಶುರುವಾದ ವರ್ಷ.

ಇಲ್ಲಿ ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. 1974ರ ಜುಲೈಯಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆ ಮುಳುಗಿತಲ್ಲ, ಆ ನೆರೆ ಕಂಡ ಒಬ್ಬ ಹಿರಿಯರ ಹತ್ತಿರ ಮಾತಾಡಲು ಹೋಗಿದ್ದೆ. ಕೈಯಲ್ಲಿ ಪ್ರಶ್ನೆಗಳ ಪಟ್ಟಿ. ಅವರು ಹಟ್ಟಿಯ ದನದ ಬಗ್ಗೆ ಹೇಳುತ್ತಿದ್ದರು. ನಾನು ನಡುವೆ ಬಾಯಿ ಹಾಕಿ, ‘ಅದು ಎಷ್ಟನೇ ತಾರೀಕು’ ಎಂದೆ. ಎರಡು ಸಲ ಕೇಳಿದೆ. ಅವರು ಸೆರಗು ಸರಿಮಾಡಿಕೊಂಡು, ‘ಅದೆಲ್ಲ ಕಲಿತವರಿಗೆ ಗೊತ್ತು’ ಎಂದು ಒಳಗೆ ಹೋದರು. ಮತ್ತೆ ಬರಲಿಲ್ಲ. ಆ ದನದ ಕತೆ ನನಗೆ ಇವತ್ತಿಗೂ ಸಿಕ್ಕಿಲ್ಲ. ತಾರೀಕು ಮಾತ್ರ ಯಾವ ಪೇಪರಿನಲ್ಲಿ ಬೇಕಾದರೂ ಸಿಗುತ್ತದೆ.

ಕೂತು ಮಾತಾಡುವ ಕ್ರಮ ದೊಡ್ಡದೇನಿಲ್ಲ. ಅಜ್ಜಿ ಯಾವ ಭಾಷೆಯಲ್ಲಿ ಮಾತಾಡುತ್ತಾರೋ ಅದರಲ್ಲೇ ಕೇಳಿ. ತುಳು ಆದರೆ ತುಳು. ಬರೆಯುವಾಗ ಕನ್ನಡಕ್ಕೆ ತಂದರೂ ಗೋದಿ, ಖೋಲಿಯಂಥ ಮಾತುಗಳನ್ನು ಹಾಗೇ ಬಿಡಿ. ತಿದ್ದಿದರೆ ಸಾಕ್ಷಿ ಹೋಗುತ್ತದೆ, ಗೋಧಿ ಆದ ಹಾಗೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಆದರೆ ಹೇಳಿ ಮಾಡಿ. ಬಸಳೆ ಸೊಪ್ಪು ಬಿಡಿಸುವಾಗ, ಹೂ ಕಟ್ಟುವಾಗ ಪಕ್ಕದಲ್ಲಿ ಕೂತರೆ ಮಾತು ಚೆನ್ನಾಗಿ ಬರುತ್ತದೆ. ಕೈಗೆ ಕೆಲಸ ಇದ್ದಾಗ ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ. ಅರ್ಧ ಗಂಟೆ ಸಾಕು. ಒಂದು ಕಾಗದ ಕೊಟ್ಟು ಚಾಳಿನ ನಕ್ಷೆ ಬಿಡಿಸಲು ಹೇಳಿ: ನಲ್ಲಿ ಎಲ್ಲಿ, ಮೆಟ್ಟಿಲು ಎಲ್ಲಿ, ಅಪ್ಪ ಮಲಗುತ್ತಿದ್ದದ್ದು ಒಳಗೋ ಹೊರಗಿನ ಜಗಲಿಯಲ್ಲೋ. ಚಿತ್ರ ಬರದಿದ್ದರೆ ಬೆಂಕಿಕಡ್ಡಿ ಜೋಡಿಸಿ ತೋರಿಸಲಿ. ಅಯ್ಯೋ, ಬೆಂಕಿಕಡ್ಡಿ ಬೇಡ. ಹಿಡಿಸೂಡಿ ಕಡ್ಡಿ ಕೊಡಿ.

ಊರಿಗೆ ಬಂದವರು ಯಾರ ಮನೆಗೆ ಬಂದರು ಎಂಬುದನ್ನು ಬಿಡಿಸಿ ಕೇಳಿ. ಅಪ್ಪನ ಮನೆಗಾ, ಅಮ್ಮನ ಮನೆಗಾ? ಅಳಿಯಸಂತಾನದ (ಹಕ್ಕು ತಾಯಿಯ ಕಡೆಯಿಂದ ಬರುವ) ಮನೆಯಾದರೆ ಮುತ್ತಜ್ಜಿಗೂ ಮಕ್ಕಳಿಗೂ ಹಕ್ಕಿನ ಜಾಗ ಎಂದರೆ ಮುತ್ತಜ್ಜಿಯ ಕುಟುಂಬದ ಮನೆ. ಮುತ್ತಜ್ಜ ಅಲ್ಲಿ ಒಂದು ಲೆಕ್ಕದಲ್ಲಿ ನೆಂಟ. ಬೊಂಬಾಯಿಯಲ್ಲಿ ದುಡಿದು ತಿಂಗಳಿಗೆ ಮನಿ ಆರ್ಡರ್ ಕಳಿಸುತ್ತಿದ್ದ ಗಂಡಸು, ಬರಿಗೈಯಲ್ಲಿ ಬಂದು ಹೆಂಡತಿಯ ಮನೆಯಲ್ಲಿ ಉಣ್ಣಬೇಕಾಯಿತು ಎಂದಾದರೆ ಆ ಮನೆಯ ಮುಂದಿನ ಹತ್ತು ವರ್ಷ ಹೇಗಿತ್ತು ಎಂದು ಊಹಿಸಿ. ವಂಶವೃಕ್ಷವನ್ನು ತಾಯಿಯ ಕಡೆಯಿಂದ ಬರೆಯಿರಿ. ಬಲ್ಲವರು ಹಾಗೇ ಬರೆಯುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಸಿಗುವ ನಮೂನೆಗಳಲ್ಲಿ ಅಪ್ಪನ ಗೆರೆಯೇ ದಪ್ಪ. ಅದಕ್ಕೆ ಮರುಳಾದರೆ ನಿಮ್ಮ ಮನೆಯ ಕತೆಯ ಅರ್ಧ ಕಾಣುವುದೇ ಇಲ್ಲ.

ಗಂಡುಮಕ್ಕಳನ್ನು ಬೊಂಬಾಯಿಗೆ ಕಳಿಸದೇ ಇದ್ದದ್ದು ಆ ದಿನದಿಂದಲೇ ಎಂದು ಒಮ್ಮೆಲೇ ಬರೆದುಬಿಡಬೇಡಿ. ಇರಬಹುದು. ನಮ್ಮ ಕಡೆಯ ಹುಡುಗರೆಲ್ಲ ಹಡಗು, ಬಸ್ಸು ಹತ್ತಿ ಹೋಗುತ್ತಿದ್ದ ಕಾಲದಲ್ಲಿ ಒಂದು ಮನೆಯವರು ಮಾತ್ರ ಹೋಗಲಿಲ್ಲ ಎಂದರೆ ಏನೋ ಕಾರಣ ಇದೆ. ಆದರೆ ಎಲ್ಲವನ್ನೂ ಒಂದೇ ಗೂಟಕ್ಕೆ ಕಟ್ಟುವುದು ಮನೆತನದ ಕತೆ ಬರೆಯುವವರ ದೊಡ್ಡ ಚಟ. ಹೋಲಿಸಿ ನೋಡಲು ಒಂದು ದಾರಿ ಇದೆ. ಅದೇ ಚಾಳಿನಲ್ಲಿದ್ದ ನಿಮ್ಮೂರಿನ ಬೇರೆ ಮನೆಗಳು ಏನು ಮಾಡಿದವು? ಅವರೂ ಓಡಿ ಬಂದಿರಬಹುದು, ಮಳೆಗಾಲ ಮುಗಿದ ಮೇಲೆ ಮತ್ತೆ ಹೋಗಿರಬಹುದು. ಹೋಗಿದ್ದರೆ ಅವರ ಮಕ್ಕಳು, ಮೊಮ್ಮಕ್ಕಳು ಈಗ ಮುಂಬಯಿಯಲ್ಲಿ ಸಿಗುತ್ತಾರೆ. ಒಂದು ಫೋನ್ ಮಾಡಿ. ಆ ಮನೆಗೂ ನಿಮ್ಮ ಮನೆಗೂ ನಡುವೆ ಇರುವ ವ್ಯತ್ಯಾಸದಲ್ಲಿ ಉತ್ತರ ಇದೆ. ನಿಮ್ಮ ಮನೆಗೆ ಮಾತ್ರ ಆದದ್ದು ಏನೋ ಇದೆ ಎಂದು ಅಲ್ಲಿಂದ ಗೊತ್ತಾಗುತ್ತದೆ.

ಕಾಗದಪತ್ರ ಹುಡುಕುವುದಾದರೆ ಮೊದಲು ಮನೆಯ ಹಳೆಯ ಟ್ರಂಕು. ಸರ್ಕಾರ ಆ ಸ್ಫೋಟದಲ್ಲಿ ನಷ್ಟವಾದವರಿಗೆ ಪರಿಹಾರ ಕೊಟ್ಟಿತ್ತು. ಅದಕ್ಕೆ ಅರ್ಜಿ ಹಾಕಿದ್ದರೆ ಒಂದು ಚೀಟಿಯಾದರೂ ಉಳಿದಿರಬಹುದು. ಮುಂಬಯಿಗೆ ಹೋಗುವವರಿದ್ದರೆ ಕೋಟೆ ಪ್ರದೇಶದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ಮಹಾರಾಷ್ಟ್ರ ರಾಜ್ಯ ಪತ್ರಾಗಾರ ಇದೆ. ನಮ್ಮವರ ಸಂಘಗಳೂ ಆಗಲೇ ಇದ್ದವು: ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಬಂಟರ ಸಂಘ 1927ರದು, ಬಿಲ್ಲವರ ಅಸೋಸಿಯೇಷನ್ 1932ರದು. ಹಳೆಯ ವರದಿ, ಸಭೆಯ ಪುಸ್ತಕ ಉಳಿದಿದೆಯೇ ಎಂದು ಕೇಳಿ ನೋಡಿ. ಹೋಟೆಲ್ ಮಾಣಿಯ ಹೆಸರು ಸರ್ಕಾರದ ಕಡತದಲ್ಲಿ ಸಿಗುವುದಕ್ಕಿಂತ ಸಂಘದ ವಂತಿಗೆ ಪಟ್ಟಿಯಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಬೈಕುಲಾದ ಅಗ್ನಿಶಾಮಕ ಮುಖ್ಯ ಕಚೇರಿಯಲ್ಲಿ ಸತ್ತ 66 ಜನರ ಸ್ಮಾರಕ ಇದೆ. ದೇಶದ ಎಲ್ಲ ಅಗ್ನಿಶಾಮಕ ಠಾಣೆಗಳಲ್ಲೂ ಏಪ್ರಿಲ್ 14ರಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಉಡುಪಿಯಲ್ಲೂ ನಡೆಯುತ್ತದೆ. ಅದು ನಿಮ್ಮ ಅಜ್ಜಿಯ ‘ಗೋದಿ ಸಿಡಿದ ದಿನ’ವೇ ಎಂದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಹೇಳಿ. ನನ್ನ ಅನುಭವದಲ್ಲಿ, ತಾವು ಕಂಡದ್ದು ಊರಿಗೆಲ್ಲ ಗೊತ್ತಿರುವ ಸಂಗತಿ ಎಂದು ತಿಳಿದಾಗ ಹಿರಿಯರ ಮುಖವೇ ಬೇರೆಯಾಗುತ್ತದೆ. ಇಷ್ಟು ವರ್ಷ ಅವರನ್ನು ನಂಬದೆ ನಕ್ಕಿದ್ದೀರಿ, ಅದಕ್ಕೆ ಅಷ್ಟಾದರೂ ಮಾಡಬೇಕು.

ಕೆದಕಬಹುದೇ ಎಂದಿರಿ. ನಾನು ವೈದ್ಯನಲ್ಲ. ಆದರೆ ಕೆದಕುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ಅವರಾಗಿಯೇ ಹತ್ತು ಸಲ ಹೇಳುವ ಕತೆಯನ್ನು ಹನ್ನೊಂದನೇ ಸಲ ಕೇಳಿದರೆ ಏನೂ ಆಗುವುದಿಲ್ಲ. ಮಾತು ನಿಂತರೆ, ಕೈ ನಡುಗಿದರೆ, ಉಸಿರು ಬಿಗಿಯಾದರೆ ಅವತ್ತಿಗೆ ಬಿಡಿ. ರೆಕಾರ್ಡ್ ನಿಲ್ಲಿಸಿ ಚಾ ಮಾಡಿ ಕೊಡಿ. ರಾತ್ರಿ ಬೆಚ್ಚಿಬೀಳುವುದು, ಊಟ ಬಿಡುವುದು ಶುರುವಾದರೆ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ. ಪಟಾಕಿ ವಿಷಯದಲ್ಲಿ ಅವರ ಮಾತೇ ನಡೆಯಲಿ. ಆ ಬಟ್ಟೆಯ ಗಂಟನ್ನು ಮಾತ್ರ ನೀವಾಗಿ ಬಿಚ್ಚಬೇಡಿ. ಅದರಲ್ಲಿ ಏನೇನಿದೆ ಎಂದು ಅವರ ಬಾಯಿಂದ ಕೇಳಿ. ಅವರೇ ಬಿಚ್ಚಿ ತೋರಿಸಿದರೆ ಒಂದೊಂದು ವಸ್ತುವಿನ ಹೆಸರು ಬರೆದುಕೊಳ್ಳಿ. ಓಡಬೇಕಾದಾಗ ಕೈಗೆ ಏನು ಸಿಗಬೇಕು ಎಂದು ಎಂಬತ್ತು ವರ್ಷ ಯೋಚಿಸಿದವರ ಪಟ್ಟಿ ಅದು. ಅದಕ್ಕೆ ಒಂದು ಪುಟ ಪೂರ್ತಿ ಕೊಡಿ.

ಇನ್ನು ಆಟಿಯ ಆ ಚಿಕ್ಕ ಎಲೆ. ಇದನ್ನು ಕೊನೆಗೆ ಇಟ್ಟುಕೊಳ್ಳಿ. ನಾಲ್ಕೈದು ಸಲ ಕೂತು ಮಾತಾಡಿ ಆದ ಮೇಲೆ, ಅದೂ ಆಟಿಯಲ್ಲೇ, ನೀವೂ ಅಡಿಗೆಗೆ ಕೈ ಹಾಕಿದಾಗ. ಎಲೆ ಚಿಕ್ಕದು ಎಂದರೆ ಚಿಕ್ಕ ಮಗುವಿನದು ಎಂದು ನೀವೂ ಊಹಿಸಿರುತ್ತೀರಿ. ನಾನೂ ಊಹಿಸುತ್ತಿದ್ದೇನೆ, ಅಷ್ಟೇ. ಅದು ಅವತ್ತೇ ಹೋದ ಮಗುವೋ, ದಾರಿಯಲ್ಲೋ, ಊರಿಗೆ ಬಂದ ಮೇಲೆ ಜ್ವರದಲ್ಲೋ, ಅಥವಾ ಬೊಂಬಾಯಿಗೆ ಸಂಬಂಧವೇ ಇಲ್ಲದ ಇನ್ಯಾವುದೋ, ಹೊರಗಿನವರು ಹೇಳಲಾಗದು. ನಮ್ಮ ಕಡೆ ಚಿಕ್ಕಂದಿನಲ್ಲಿ ತೀರಿಕೊಂಡ ಮಕ್ಕಳಿಗೆ ಪ್ರಾಯ ಬರುವ ಹೊತ್ತಿಗೆ ಪ್ರೇತ ಮದುವೆ ಮಾಡಿಸುವ ಪದ್ಧತಿ ಇದೆಯಲ್ಲ. ನಿಮ್ಮ ಮನೆಯಲ್ಲಿ ಯಾವಾಗಲಾದರೂ ಅಂಥ ಮದುವೆ ಆಗಿತ್ತೇ ಎಂದು ಊರಿನ ಹಿರಿಯರೊಬ್ಬರನ್ನು ಮೆಲ್ಲಗೆ ಕೇಳಿ ನೋಡಬಹುದು. ಆಗಿದ್ದರೆ ಯಾವ ಮನೆಯವರ ಜೊತೆ ಎಂಬುದು ಅವರಿಗೆ ನೆನಪಿರುತ್ತದೆ. ಸತ್ತವರ ಸಂಬಂಧವೂ ಸಂಬಂಧವೇ.

ಅಜ್ಜಿಯ ಹತ್ತಿರ ಮಾತ್ರ ‘ಈ ಎಲೆ ಯಾರಿಗೆ’ ಎಂದು ಮತ್ತೆ ಕೇಳಬೇಡಿ. ಅದಕ್ಕೆ ಉತ್ತರ ಆಗಲೇ ಸಿಕ್ಕಿದೆ: ಸುಮ್ನಿರು. ಬಡಿಸುವಾಗ ಪಾತ್ರೆ ನಿಮ್ಮ ಕೈಗೆ ತೆಗೆದುಕೊಳ್ಳಿ. ಆ ಎಲೆಯ ಮುಂದೆ ಬಂದಾಗ, ‘ಅಜ್ಜಿ, ಇದಕ್ಕೆ ಏನು ಹಾಕಲಿ? ಖಾರ ಹಾಕಬಹುದಾ?’ ಎಂದು ಕೇಳಿ.